ನಿನ್ನೆ ಅಳೆದ ಗಡಿಕಲ್ಲು ಇವತ್ತು 1.4 ಮೀಟರ್ ಆಚೆ ತೋರಿಸುತ್ತಿದೆ. ಕಲ್ಲು ಮಾತ್ರ ಇದ್ದಲ್ಲೇ ಇದೆ!

ಗುಂಟೆಲೆಕ್ಕ

ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆಯ ಪರವಾನಗಿ ಭೂಮಾಪಕ ನಾನು. ಹನ್ನೊಂದು ವರ್ಷದಿಂದ ಇದೇ ಕಸುಬು. ಮೊದಲು ಚೈನು ಎಳೆದೆ, ಆಮೇಲೆ ಬಾಡಿಗೆ ಟೋಟಲ್ ಸ್ಟೇಷನ್ (ಬೆಳಕಿನ ಕಿರಣದಿಂದ ದೂರ, ಕೋನ ಅಳೆಯುವ ಯಂತ್ರ) ಹೊತ್ತೆ. ಎರಡು ತಿಂಗಳ ಹಿಂದೆ ಧೈರ್ಯ ಮಾಡಿ ಉಪಗ್ರಹದಿಂದ ಜಾಗ ಅಳೆಯುವ ಜೋಡಿ ತಗೊಂಡೆ, ಒಂದೇ ಕಡೆ ಕೂರುವ ಬೇಸ್ ಒಂದು, ಹಿಡಿದು ಓಡಾಡುವ ರೋವರ್ ಒಂದು. ಹೆಸರುವಾಸಿ ಕಂಪನಿಯ ಜೋಡಿಗೆ ಬೆಲೆ ಕೇಳಿದಾಗ ಮನೆಯವಳು "ಆ ದುಡ್ಡಿಗೆ ಟ್ರ್ಯಾಕ್ಟರ್ ಬರುತ್ತೆ, ಅದಾದ್ರೆ ಉಳೋಕಾದ್ರೂ ಆಗುತ್ತೆ" ಅಂದಳು. ಹಾಗಾಗಿ ನಾನು ತಗೊಂಡದ್ದು ಒಳಗೆ ಯು-ಬ್ಲಾಕ್ಸ್ ಎಫ್9ಪಿ ಚಿಪ್ ಇರುವ, ಇಲ್ಲೇ ಜೋಡಿಸಿ ಮಾರುವ ಸೆಟ್ಟು. ಎರಡರ ನಡುವೆ ಮಾತಿಗೆ ಲೋರಾ ಅನ್ನುವ ರೇಡಿಯೋ. ರೋವರ್ 2 ಮೀಟರ್ ಪೋಲ್ ಮೇಲೆ. ಬಿಂದು ಬರೆದಿಡಲು ಮೊಬೈಲಿನಲ್ಲಿ ಎಸ್‌ಡಬ್ಲ್ಯೂ ಮ್ಯಾಪ್ಸ್.

ಮನೆ ಮುಂದೆ ಆಟ ಆಡಿದಾಗ ಎಲ್ಲ ಚೆನ್ನಾಗಿತ್ತು. ಒಂದು ನಿಮಿಷದೊಳಗೆ ಫಿಕ್ಸ್ (ಸೆಂಟಿಮೀಟರ್ ಮಟ್ಟದ ಜಾಗ) ಬರುತ್ತಿತ್ತು. ಅದೇ ಮೊಳೆಯ ಮೇಲೆ ಹತ್ತು ಸಲ ಇಟ್ಟರೂ ಒಂದು ಸೆಂಟಿಮೀಟರ್ ಆಚೀಚೆ. ನನಗೋ ಖುಷಿಯೋ ಖುಷಿ.

ಹೋದ ವಾರ ಮೊದಲ ನಿಜವಾದ ಕೆಲಸ. ಅಣ್ಣತಮ್ಮಂದಿರ ಭಾಗ. 4 ಎಕರೆ 12 ಗುಂಟೆ ತೆಂಗಿನ ತೋಟ, ಭಾಗಕ್ಕೆ ಬೇಕಾದ 11ಇ ಸರ್ವೆ ನಕ್ಷೆ ಆಗಬೇಕು. ಇಬ್ಬರಿಗೂ ಮಾತಿಲ್ಲ, ಇಬ್ಬರೂ ನನ್ನ ಹಿಂದೆಯೇ. ಪಂಪ್‌ಸೆಟ್ ಮನೆ ಪಕ್ಕ ಟ್ರೈಪಾಡ್ ಹಾಕಿ ಬೇಸ್ ಇಟ್ಟೆ. ಬೇಸ್ ಐದು ನಿಮಿಷ ಏನೋ ಲೆಕ್ಕ ಹಾಕಿಕೊಂಡು ಹಸಿರು ದೀಪ ಹಚ್ಚಿತು. ಮಾರಿದವರು ಹಾಗೇ ಹೇಳಿಕೊಟ್ಟಿದ್ದರು. ಅವತ್ತು ಒಂಬತ್ತು ಕಲ್ಲು ಅಳೆದೆ. ಮೋಡ ಕಟ್ಟಿತು, ಉಳಿದದ್ದು ನಾಳೆಗೆ ಅಂತ ಬಿಚ್ಚಿದೆ.

ಮರುದಿನ ಟ್ರೈಪಾಡ್ ಅದೇ ಜಾಗದಲ್ಲಿ, ನಿನ್ನೆಯ ಗುರುತಿನ ಮೇಲೇ ಇಟ್ಟೆ. ಚೈನಿನ ಕಾಲದ ಅಭ್ಯಾಸ, ಹೊಸದು ಶುರು ಮಾಡುವ ಮೊದಲು ಹಳೆಯದೊಂದನ್ನು ನೋಡೋಣ ಅಂತ 3ನೇ ಕಲ್ಲಿನ ಮೇಲೆ ಪೋಲ್ ಇಟ್ಟೆ. ನಿನ್ನೆಯ ಬಿಂದುವಿನಿಂದ 1.4 ಮೀಟರ್ ಆಚೆ! ಎದೆ ಧಸಕ್ ಅಂತು. ತಮ್ಮ ಅನ್ನುವವನು ನನ್ನ ಭುಜದ ಮೇಲಿಂದ ಮೊಬೈಲ್ ನೋಡುತ್ತಿದ್ದ. "ಏನ್ ಸಾರ್, ಕಲ್ಲು ರಾತ್ರಿ ನಡ್ಕೊಂಡು ಹೋಯ್ತಾ?" ಅಂದ. ಅಣ್ಣನಿಗೆ ಅಷ್ಟು ಸಾಕಾಯಿತು. "ಇವನೇ ಕಿತ್ತು ನೆಟ್ಟಿರ್ತಾನೆ" ಅಂತ ಶುರು. ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಅದರ ಜೊತೆ ಇನ್ನೂ ಮೂರು ಅನುಮಾನ ಇವೆ. ಬದುವಿನ ಮೇಲೆ ಸ್ಟೀಲ್ ಟೇಪ್ ಹಿಡಿದು ಸರಿಯಾಗಿ 100 ಮೀಟರ್ ಗುರುತು ಮಾಡಿದರೆ, ಯುಟಿಎಂ (ಜಾಗವನ್ನು ಮೀಟರಿನಲ್ಲಿ ಹೇಳುವ ನಕ್ಷೆ ಪದ್ಧತಿ) ನಿರ್ದೇಶಾಂಕದಿಂದ ಲೆಕ್ಕ ಹಾಕಿದ ದೂರ 99.98 ಬರುತ್ತದೆ. ಪ್ರತಿ ಸಲವೂ 2 ಸೆಂಟಿಮೀಟರ್ ಕಮ್ಮಿ, ಒಮ್ಮೆಯೂ ಜಾಸ್ತಿ ಬರಲಿಲ್ಲ. ಎತ್ತರ ನೋಡಿದರೆ ಸುಮಾರು 770 ಮೀಟರ್ ಅನ್ನುತ್ತದೆ. ನಮ್ಮೂರು 860ರ ಹತ್ತಿರ ಅಂತ ಎಲ್ಲ ಕಡೆ ಬರೆದಿದೆ. ಮೂರನೆಯದು, ತೆಂಗಿನ ಸಾಲಿನ ಒಳಗೆ ಹೋದರೆ ಫಿಕ್ಸ್ ಹೋಗಿ ಫ್ಲೋಟ್ (ಬರೀ ಅಂದಾಜು ಜಾಗ) ಆಗುತ್ತದೆ. ಫಿಕ್ಸ್ ಮತ್ತೆ ಬರೋದೇ ಇಲ್ಲ.

ಮೆಷಿನ್ ವಾಪಸ್ ಕೊಡಬೇಕಾ? ಅಥವಾ ನನ್ನದೇ ಏನಾದರೂ ತಪ್ಪಾ? ಗೊತ್ತಿದ್ದವರು ಹೇಳಿ.

ಕೆರೆಏರಿ

ಕಡಿಮೆ ದುಡ್ಡಿನ ಚೈನಾ ಮಾಲು ತಗೊಂಡರೆ ಹೀಗೇ ಆಗೋದು. ವಾಪಸ್ ಕೊಟ್ಟುಬಿಡಿ, ಟೋಟಲ್ ಸ್ಟೇಷನ್ ಬಾಡಿಗೆಗೆ ತನ್ನಿ. ಕೋರ್ಟಿಗೆ ಹೋದರೆ ನಿಮ್ಮ ಕುತ್ತಿಗೆಗೇ ಬರುತ್ತದೆ.

ಬಂಡೆಮೇಲೆಬೇಸ್

ಯು-ಬ್ಲಾಕ್ಸ್ ಸ್ವಿಟ್ಜರ್ಲೆಂಡಿನ ಕಂಪನಿ, ಚೈನಾದ್ದಲ್ಲ. ಚಿಪ್ ಚೆನ್ನಾಗಿಯೇ ಇದೆ. ಗುಂಟೆಲೆಕ್ಕ ಅವರೇ, ವಾಪಸ್ ಕೊಡುವ ಮೊದಲು ಎರಡು ವಿಷಯ ಹೇಳಿ.

ಒಂದು, ಎರಡೂ ದಿನ ಬೇಸ್ ಹಚ್ಚಿದಾಗ ಆ "ಐದು ನಿಮಿಷದ ಲೆಕ್ಕ" ಹಾಕಲು ಬಿಟ್ಟಿರಾ? ಎರಡು, 3ನೇ ಕಲ್ಲು ಮಾತ್ರ ಸರಿದಿತ್ತಾ, ಅಥವಾ ಬೇರೆ ಕಲ್ಲು ನೋಡಿದರೂ ಅಷ್ಟೇ ದೂರ, ಅದೇ ದಿಕ್ಕಿಗೆ ಸರಿದಿತ್ತಾ?

ಗುಂಟೆಲೆಕ್ಕ

ಹೌದು ಸರ್, ಎರಡೂ ದಿನ ಬಿಟ್ಟೆ. ದೀಪ ಹಸಿರಾಗುವ ತನಕ ಕಾಯಬೇಕು ಅಂದಿದ್ದರು.

ಗಲಾಟೆ ಮಧ್ಯೆ 7ನೇ ಕಲ್ಲನ್ನೂ ನೋಡಿದ್ದೆ. ಈಗ ಲೆಕ್ಕ ತೆಗೆದೆ. 3ನೆಯದು ಪೂರ್ವಕ್ಕೆ 1.10, ಉತ್ತರಕ್ಕೆ 0.90 ಸರಿದಿದೆ. 7ನೆಯದು ಪೂರ್ವಕ್ಕೆ 1.11, ಉತ್ತರಕ್ಕೆ 0.89. ಅಯ್ಯೋ, ಎರಡೂ ಒಂದೇ!

ಬಂಡೆಮೇಲೆಬೇಸ್

ಹಾಗಾದರೆ ನಿಮ್ಮ ಅಳತೆ ಏನೂ ಹಾಳಾಗಿಲ್ಲ. ನೆಮ್ಮದಿಯಾಗಿ ಕಾಫಿ ಕುಡಿಯಿರಿ, ಆಮೇಲೆ ಓದಿ.

ಈ ಪದ್ಧತಿಯಲ್ಲಿ ರೋವರ್ ತಾನು ಎಲ್ಲಿದ್ದೇನೆ ಅಂತ ನೇರವಾಗಿ ಕಂಡುಹಿಡಿಯುವುದಿಲ್ಲ. ಬೇಸಿನಿಂದ ತಾನು ಎಷ್ಟು ದೂರ, ಯಾವ ದಿಕ್ಕು ಅನ್ನುವುದನ್ನು ಮಾತ್ರ ಸೆಂಟಿಮೀಟರ್ ಮಟ್ಟದಲ್ಲಿ ಹೇಳುತ್ತದೆ. ಎಫ್9ಪಿಗೆ ಕಂಪನಿ ಕೊಡುವ ಲೆಕ್ಕ 1 ಸೆಂಟಿಮೀಟರ್, ಜೊತೆಗೆ ಬೇಸಿನಿಂದ ದೂರ ಹೋದಂತೆ ಕಿಲೋಮೀಟರಿಗೆ 1 ಮಿಲಿಮೀಟರ್. ಆ ದೂರವನ್ನು ಬೇಸ್ "ನಾನು ಇಲ್ಲಿದ್ದೇನೆ" ಅಂದ ಜಾಗಕ್ಕೆ ಕೂಡಿಸಿ ನಿಮಗೆ ತೋರಿಸುತ್ತದೆ. ಬೇಸ್ ತಪ್ಪು ಜಾಗ ಹೇಳಿದರೆ ಎಲ್ಲ ಕಲ್ಲೂ ಒಟ್ಟಿಗೆ ಅಷ್ಟೇ ಸರಿಯುತ್ತವೆ. ಚಾಪೆ ಎಳೆದರೆ ಮೇಲೆ ಕೂತವರೆಲ್ಲ ಒಟ್ಟಿಗೆ ಸರಿದ ಹಾಗೆ.

ನಿಮ್ಮ ಬೇಸ್ ತನ್ನ ಜಾಗ ಹೇಗೆ ಕಂಡುಕೊಂಡಿತು? ಆ ಐದು ನಿಮಿಷಕ್ಕೆ ಸರ್ವೆ-ಇನ್ ಅನ್ನುತ್ತಾರೆ. ಯಾರ ಸಹಾಯವೂ ಇಲ್ಲದೆ, ನಿಮ್ಮ ಮೊಬೈಲ್ ಜಿಪಿಎಸ್ ಮಾಡುವ ಹಾಗೆಯೇ ಜಾಗ ಅಂದಾಜು ಮಾಡಿ ಸರಾಸರಿ ತೆಗೆಯುವುದು. ಅದರಲ್ಲಿ ಒಂದೆರಡು ಮೀಟರ್ ತಪ್ಪು ಇದ್ದೇ ಇರುತ್ತದೆ. ಮೊದಲ ದಿನ ಒಂದು ತಪ್ಪು, ಎರಡನೆಯ ದಿನ ಇನ್ನೊಂದು. ನೀವು ಟ್ರೈಪಾಡನ್ನು ಅದೇ ಗುರುತಿನ ಮೇಲೆ ಇಟ್ಟದ್ದು ಬೇಸಿಗೆ ಗೊತ್ತಾಗುವುದಿಲ್ಲ, ಅದಕ್ಕೆ ನೆನಪಿಲ್ಲ. ಮನೆ ಮುಂದೆ ಹತ್ತು ಸಲ ಸರಿ ಬಂದದ್ದು ಯಾಕೆ? ನಡುವೆ ಬೇಸ್ ಆರಿಸಿರಲಿಲ್ಲ, ಅಲ್ವಾ?

ಸದ್ಯದ ಕೆಲಸಕ್ಕೆ ಪರಿಹಾರ ಸುಲಭ. ಎರಡನೆಯ ದಿನದ ಬಿಂದುಗಳಿಂದ ಪೂರ್ವಕ್ಕೆ 1.105, ಉತ್ತರಕ್ಕೆ 0.895 ಕಳೆಯಿರಿ. ಮೊದಲ ದಿನದ ಜೊತೆ ಕೂತುಕೊಳ್ಳುತ್ತವೆ. ನೀವು ಎರಡು ಕಲ್ಲು ಮತ್ತೆ ಅಳೆದದ್ದು ದೊಡ್ಡ ಪುಣ್ಯ. ಒಂದೇ ಅಳೆದಿದ್ದರೆ ಕಲ್ಲೇ ಸರಿದಿದೆಯೋ, ಬೇಸ್ ಸರಿದಿದೆಯೋ ಹೇಳಲು ಆಗುತ್ತಿರಲಿಲ್ಲ. ಅಣ್ಣನಿಗೂ ಇದನ್ನು ತೋರಿಸಿ. 3 ಮತ್ತು 7ರ ನಡುವಿನ ದೂರ ಎರಡೂ ದಿನ ಒಂದೇ ಇದೆ. ತಮ್ಮ ಕಲ್ಲು ಕಿತ್ತಿಲ್ಲ.

ಇನ್ನು ಮುಂದಕ್ಕೆ. ಬೇಸಿಗೆ ಒಂದು ಕಾಯಂ ಜಾಗ ಮಾಡಿ. ನಾನು ಮಾಡಿದ್ದು ಹೀಗೆ.

ನಮ್ಮ ಹೊಲದ ಬಂಡೆಯಲ್ಲಿ ತೂತು ಕೊರೆದು ಹಿತ್ತಾಳೆ ಮೊಳೆ ಕೂರಿಸಿದೆ. ಸುತ್ತ 15 ಡಿಗ್ರಿಗಿಂತ ಮೇಲೆ ಆಕಾಶ ಪೂರ್ತಿ ಬಿಚ್ಚಿರಬೇಕು. ನಿಮ್ಮ ಪಂಪ್‌ಸೆಟ್ ಮನೆಗೆ ಶೀಟಿನ ಸೂರು ಇದ್ದರೆ ಅದರ ಪಕ್ಕ ಬೇಡವೇ ಬೇಡ. ಉಪಗ್ರಹದ ಸಿಗ್ನಲ್ ಶೀಟಿಗೆ ಬಡಿದು ಮತ್ತೆ ಆಂಟೆನಾಗೆ ಬರುತ್ತದೆ, ಲೆಕ್ಕ ಕೆಡುತ್ತದೆ. ಮೊಳೆಯ ಮೇಲೆ ರಿಸೀವರ್ ಇಟ್ಟು ಕಚ್ಚಾ ಡೇಟಾ ಆರು ಗಂಟೆ ದಾಖಲಿಸಿ. ಯು-ಸೆಂಟರ್‌ನಲ್ಲಿ (ಚಿಪ್ಪಿನ ಸೆಟ್ಟಿಂಗ್ ತಂತ್ರಾಂಶ) ಕಚ್ಚಾ ಡೇಟಾ ಕೊಡುವ ರಾಎಕ್ಸ್ ಮೆಸೇಜ್ ಆನ್ ಮಾಡುವುದು ಮರೆಯಬೇಡಿ. ಆ ಒಂದು ಟಿಕ್ ಮರೆತು ನಾನು ಒಂದು ಇಡೀ ಭಾನುವಾರ ಬಿಸಿಲು ಕಾಯ್ದಿದ್ದೇನೆ. ಆ ಫೈಲನ್ನು ಆರ್‌ಟಿಕೆಲಿಬ್‌ನಲ್ಲಿ (ಪುಕ್ಕಟೆ ತಂತ್ರಾಂಶ) ರೈನೆಕ್ಸ್ ಅನ್ನುವ ಸಾಮಾನ್ಯ ಮಾದರಿಗೆ ತಿರುಗಿಸಿ, ಕಚ್ಚಾ ಡೇಟಾದಿಂದ ಕರಾರುವಾಕ್ಕಾದ ಜಾಗ ಲೆಕ್ಕ ಹಾಕಿಕೊಡುವ ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ ಹಾಕಿ. ದುಡ್ಡಿಲ್ಲ, ಇಮೇಲ್ ಕೊಟ್ಟು ಹೆಸರು ನೋಂದಾಯಿಸಿದರೆ ಸಾಕು. ಅವತ್ತೇ ಹಾಕಬೇಡಿ, ಒಂದೆರಡು ದಿನ ಬಿಟ್ಟು ಹಾಕಿದರೆ ಉಪಗ್ರಹದ ಕಕ್ಷೆಯ ಲೆಕ್ಕ ಇನ್ನೂ ಚೆನ್ನಾಗಿರುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಇಮೇಲಿಗೆ ಬರುತ್ತದೆ.

ಆ ಸಂಖ್ಯೆಯನ್ನು ಬೇಸಿನ ಜಾಗ ನಮೂದಿಸುವ ಟಿಮೋಡ್3 ಪುಟದಲ್ಲಿ ಫಿಕ್ಸೆಡ್ ಮೋಡ್ ಆಯ್ದು ಟೈಪ್ ಮಾಡಿ. ಸರ್ವೆ-ಇನ್ ಕಡೆ ಮತ್ತೆ ತಲೆ ಹಾಕಬೇಡಿ. ದಶಮಾಂಶದ ನಂತರ ಅವರು ಕೊಟ್ಟ ಅಂಕಿ ಎಲ್ಲ ಹಾಕಿ. ಏಳನೇ ಸ್ಥಾನ ಅಂದರೆ ಸುಮಾರು 1 ಸೆಂಟಿಮೀಟರ್, ಐದಕ್ಕೇ ನಿಲ್ಲಿಸಿದರೆ 1 ಮೀಟರ್ ಹೋಯಿತು. ಎತ್ತರ ಹಾಕುವಾಗ ಮೊಳೆಯ ಎತ್ತರಕ್ಕೆ ಅವತ್ತಿನ ಟ್ರೈಪಾಡ್ ಎತ್ತರ ಕೂಡಿಸಬೇಕು. ಬೇಸ್ ಹೇಳುವುದು ಆಂಟೆನಾದ ಜಾಗ, ಮೊಳೆಯದ್ದಲ್ಲ. ಟ್ರೈಪಾಡಿನ ಎತ್ತರವನ್ನು ನೇರವಾಗಿ ಅಳೆಯಿರಿ, ಕಾಲಿನ ಓರೆಯಲ್ಲಿ ಟೇಪ್ ಹಿಡಿಯಬೇಡಿ.

ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲವೂ (ಸದಾ ಚಾಲೂ ಇರುವ ಕಾಯಂ ಬೇಸುಗಳು) ಇದೆ. ನೋಂದಾಯಿಸಿಕೊಂಡರೆ ಇಂಟರ್ನೆಟ್‌ನಲ್ಲೇ ತಿದ್ದುಪಡಿ ಸಿಗುತ್ತದೆ, ನಿಮ್ಮದೇ ಬೇಸ್ ಬೇಡ. ಮೊಬೈಲ್ ಸಿಗ್ನಲ್ ಇರುವ ಹೊಲದಲ್ಲಿ ಅದು ಸುಖ. ಆದರೆ ಇಂದು ಅವರ ಬೇಸ್, ನಾಳೆ ನಿಮ್ಮ ಪಿಪಿಪಿ ಅಂತ ಬೆರೆಸಬೇಡಿ. ನಾವು ಕೂತಿರುವ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಕೆನಡಾದವರು ಅಳೆದ ದಿನದ ಜಾಗ ಕೊಡುತ್ತಾರೆ. ಇನ್ನೊಬ್ಬರು ಯಾವುದೋ ಹಿಂದಿನ ಇಸವಿಗೆ ಕಟ್ಟಿದ ಜಾಗ ಕೊಡಬಹುದು. ಇಪ್ಪತ್ತು ವರ್ಷದ ವ್ಯತ್ಯಾಸ ಇದ್ದರೆ 1 ಮೀಟರ್ ಆಯಿತು. ಒಂದನ್ನು ಹಿಡಿದು ಪುಸ್ತಕದಲ್ಲಿ ಬರೆದಿಟ್ಟು ಅದನ್ನೇ ನಡೆಸಿ.

ಅಡಿಕೆನೆರಳು

ತೀರ್ಥಹಳ್ಳಿ ಕಡೆಯವನು. ನಿಮ್ಮದು ತೆಂಗು, ಸಾಲು ದೂರ. ನಮ್ಮ ಅಡಿಕೆ ತೋಟಕ್ಕೆ ಒಮ್ಮೆ ಬನ್ನಿ, ಫ್ಲೋಟ್ ಕೂಡ ಬಾರದ ಜಾಗ ತೋರಿಸುತ್ತೇನೆ.

ಮರದ ಕೆಳಗೆ ಫಿಕ್ಸ್ ಬಾರದಿರುವುದಕ್ಕಿಂತ ಸುಳ್ಳು ಫಿಕ್ಸ್ ಬರುವುದು ಅಪಾಯ. ಪರದೆಯ ಮೇಲೆ ಫಿಕ್ಸ್ ಅಂತಲೇ ಇರುತ್ತದೆ, ಜಾಗ ಮಾತ್ರ 30-40 ಸೆಂಟಿಮೀಟರ್ ತಪ್ಪು. ಒಮ್ಮೆ ಒಂದು ಹೊಂಡದ ಮೂಲೆಯಲ್ಲಿ ಹಾಗಾಗಿ, ನಕ್ಷೆಯಲ್ಲಿ ಹೊಂಡ ಪಕ್ಕದವರ ಜಮೀನಿಗೆ ಹೋಗಿತ್ತು. ಅವರು ಖುಷಿಯಾಗಿಯೇ ಒಪ್ಪಿಕೊಂಡರು! ಅಂದಿನಿಂದ ಪ್ರತಿ ಕಲ್ಲನ್ನೂ ಎರಡು ಸಲ ಹಿಡಿಯುತ್ತೇನೆ. ಮೊದಲ ಸಲ ಆದ ಮೇಲೆ ಪೋಲ್ ತಲೆಕೆಳಗು ಮಾಡಿ ಫಿಕ್ಸ್ ಬೇಕಂತಲೇ ಕೆಡಿಸುತ್ತೇನೆ. ಮತ್ತೆ ಬಂದ ಮೇಲೆ ಇನ್ನೊಮ್ಮೆ ಅಳೆಯುತ್ತೇನೆ. 2-3 ಸೆಂಟಿಮೀಟರ್ ಒಳಗೆ ಬಂದರೆ ಸರಿ. ಸಾಧ್ಯ ಆದರೆ ಎರಡನೆಯ ಸುತ್ತನ್ನು ಒಂದೆರಡು ಗಂಟೆ ಬಿಟ್ಟು ಮಾಡಿ. ಅಷ್ಟರಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತದೆ, ಅದೇ ತಪ್ಪು ಮತ್ತೆ ಬರುವುದು ಕಷ್ಟ.

ಏನೇ ಮಾಡಿದರೂ ಬರದ ಕಲ್ಲಿಗೆ ಹಟ ಹಿಡಿಯಬೇಡಿ. ತೋಟದ ಹೊರಗೆ, ಆಕಾಶ ಕಾಣುವ ಕಡೆ ಒಂದಕ್ಕೊಂದು ಕಾಣುವ ಹಾಗೆ ಎರಡು ಗೂಟ ಹೊಡೆದು ಅವನ್ನು ರೋವರಿನಲ್ಲಿ ಹಿಡಿಯಿರಿ. ಅಲ್ಲಿಂದ ಒಳಗಿನ ಕಲ್ಲಿಗೆ ಟೋಟಲ್ ಸ್ಟೇಷನ್ ಹಾಕಿ. ಕೆರೆಏರಿ ಅವರು ಟೋಟಲ್ ಸ್ಟೇಷನ್ ಅಂದದ್ದು ಅಷ್ಟರಮಟ್ಟಿಗೆ ನಿಜ.

ಹೊತ್ತಿನ ವಿಷಯವೂ ಇದೆ. ನಾವು ಇರುವುದು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರ. ಮಧ್ಯಾಹ್ನ ಎರಡರ ಸುಮಾರಿಗೆ ಮೇಲಿನ ಅಯಾನುಗೋಲ (ಸಿಗ್ನಲ್ ತಡ ಮಾಡುವ ವಿದ್ಯುತ್ ಕಣಗಳ ಪದರ) ತುಂಬ ದಟ್ಟ ಆಗುತ್ತದೆ. ಬೇಸ್ ಅದೇ ತೋಟದಲ್ಲಿದ್ದರೆ ಬೇಸೂ ರೋವರೂ ಒಂದೇ ಆಕಾಶ ನೋಡುತ್ತವೆ, ಆ ತಪ್ಪು ಕಳೆದುಹೋಗುತ್ತದೆ. ಬೇಸ್ ದೂರ ಆದಷ್ಟೂ ಮಧ್ಯಾಹ್ನ ಫಿಕ್ಸಿಗೆ ಒದ್ದಾಟ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಂಜೆ ಕತ್ತಲಾದ ಮೇಲೆ ಇನ್ನೂ ಕಷ್ಟ, ಸಿಗ್ನಲ್ ಮಿಣುಕುತ್ತದೆ. ನಾನು ಬೆಳಿಗ್ಗೆ ಏಳಕ್ಕೆ ಹೋಗಿ ಹನ್ನೊಂದಕ್ಕೆ ಬಂದುಬಿಡುತ್ತೇನೆ. ತೋಟದ ಮನೆಯ ತಿಂಡಿಯೂ ಆ ಹೊತ್ತಿಗೇ ಸಿಗುವುದು.

ಅಂದಹಾಗೆ ನಿಮ್ಮ ಲೋರಾ ಯಾವ ಫ್ರೀಕ್ವೆನ್ಸಿ? ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868 ಮೆಗಾಹರ್ಟ್ಸ್. ಅಮೆರಿಕಕ್ಕೆ ಮಾಡಿದ 915ರ ಸೆಟ್ಟುಗಳೂ ಇಲ್ಲಿ ಮಾರಾಟ ಆಗುತ್ತವೆ. ನೋಡಿಕೊಳ್ಳಿ.

ಎಪ್ಪತ್ತೆಂಟುಡಿಗ್ರಿ

2 ಸೆಂಟಿಮೀಟರ್ ಮತ್ತು ಎತ್ತರದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಾನು ಕೋಲಾರದವನು. ಯುಟಿಎಂ ಕೊಡುವ ತಲೆನೋವು ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕರ್ನಾಟಕದ ಬಹುಪಾಲು 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿದರೆ 44. ಆ ಗೆರೆ ನಮ್ಮ ಜಿಲ್ಲೆಯಲ್ಲೇ ಹಾದುಹೋಗುತ್ತದೆ. ಒಂದೇ ದಿನ ಎರಡು ಊರಿನ ಕೆಲಸ ಮಾಡಿದರೆ ಎರಡು ವಲಯ.

ನಿಮ್ಮ ಟೇಪ್ ಸರಿ ಇದೆ. ರಿಸೀವರೂ ಸರಿ ಇದೆ. ಯುಟಿಎಂ ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದ ಕಾಗದ. ಹಾಗೆ ಮಾಡುವಾಗ ಅಳತೆ ಎಲ್ಲೋ ಹಿಗ್ಗಬೇಕು, ಎಲ್ಲೋ ಕುಗ್ಗಬೇಕು. 43ನೇ ವಲಯದ ನಡುಗೆರೆಯಾದ 75 ಡಿಗ್ರಿ ಗೆರೆಯ ಮೇಲೆ ಬೇಕಂತಲೇ 0.9996ಕ್ಕೆ ಕುಗ್ಗಿಸಿದ್ದಾರೆ. ಅಂದರೆ ಕಿಲೋಮೀಟರಿಗೆ 40 ಸೆಂಟಿಮೀಟರ್ ಕಮ್ಮಿ. ಪೂರ್ವಕ್ಕೆ ಬರುತ್ತಾ ಅದು ಕಡಿಮೆಯಾಗುತ್ತದೆ, ತಿಪಟೂರಿನ ಹತ್ತಿರ 8 ಸೆಂಟಿಮೀಟರ್ ಉಳಿದಿರುತ್ತದೆ. ಅದರ ಮೇಲೆ ನಿಮ್ಮ ಊರು ಎತ್ತರದಲ್ಲಿದೆ. ಕೆಳಗಿನ ಗೋಳಕ್ಕೆ ಇಳಿಸಿದಾಗ ಇನ್ನೊಂದು 12 ಸೆಂಟಿಮೀಟರ್ ಹೋಗುತ್ತದೆ. ಒಟ್ಟು ಕಿಲೋಮೀಟರಿಗೆ 20, ನೂರು ಮೀಟರಿಗೆ 2. ನೀವು ಟೇಪಿನಲ್ಲಿ ಕಂಡದ್ದು ಅದೇ. ನಿಜ ಹೇಳಬೇಕೆಂದರೆ ಇಷ್ಟು ಕರಾರುವಾಕ್ಕಾಗಿ ಟೇಪ್ ಹಿಡಿದದ್ದಕ್ಕೆ ನಿಮಗೊಂದು ಶಹಬ್ಬಾಸ್.

4 ಎಕರೆ 12 ಗುಂಟೆಗೆ ಇದರಿಂದ 75-80 ಚದರ ಅಡಿ ವ್ಯತ್ಯಾಸ ಬರುತ್ತದೆ. ಗುಂಟೆಗೆ 1089 ಚದರ ಅಡಿ, ಹಾಗಾಗಿ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಆದರೆ ಅಣ್ಣತಮ್ಮಂದಿರು ಜಗಳದಲ್ಲಿದ್ದಾಗ 75 ಅಡಿಯೂ ದೊಡ್ಡದೇ. ಕ್ಯೂಜಿಐಎಸ್‌ನಲ್ಲಿ (ನಕ್ಷೆ ತಂತ್ರಾಂಶ) ನಿಮ್ಮ ತೋಟದ ರೇಖಾಂಶವನ್ನೇ ನಡುಗೆರೆ ಮಾಡಿ, ಯುಟಿಎಂ ಜಾತಿಯದೇ ಒಂದು ಟ್ರಾನ್ಸ್‌ವರ್ಸ್ ಮರ್ಕೇಟರ್ ಮಾಡಿಕೊಳ್ಳಿ, ಸ್ಕೇಲ್ 1.00012 ಕೊಡಿ. ಟೇಪಿಗೆ ಕೂತುಕೊಳ್ಳುತ್ತದೆ.

ಎತ್ತರದ್ದು ತಪ್ಪಲ್ಲ. ಉಪಗ್ರಹ ಕೊಡುವ ಎತ್ತರ ಗಣಿತದ ಮೊಟ್ಟೆಯಾಕಾರದಿಂದ. ನಕ್ಷೆಯ ಎತ್ತರ ಸಮುದ್ರಮಟ್ಟದಿಂದ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇದ್ದು, ಸಮುದ್ರದ ಮೈ ಆ ಗಣಿತದ ಮೈಗಿಂತ ನೂರು ಮೀಟರಿಗೂ ಕೆಳಗೆ ಕುಸಿದಿದೆ. ಜಗತ್ತಿನಲ್ಲೇ ಅತಿ ಆಳದ ತಗ್ಗು ಅದು. ಅದರ ಅಂಚು ನಮ್ಮ ತನಕ ಬರುತ್ತದೆ. ಬೆಂಗಳೂರಿನಲ್ಲಿ ಸುಮಾರು 86 ಮೀಟರ್ ವ್ಯತ್ಯಾಸ. ನಿಮ್ಮದೂ ಅದೇ ಜಾತಿ. ಆ್ಯಪಿನಲ್ಲಿ ಜಿಯಾಯ್ಡ್ (ಸಮುದ್ರಮಟ್ಟದ ಮಾದರಿ) ಆನ್ ಮಾಡಿದರೆ ಸರಿಹೋಗುತ್ತದೆ. ಗಡಿ ಅಳೆಯುವವರಿಗೆ ಅದರ ಅಗತ್ಯವೂ ಇಲ್ಲ ಬಿಡಿ.

ಹಳೇಚೈನು

ನಿವೃತ್ತ ಸರ್ವೇಯರ್ ನಾನು. ಮೊಮ್ಮಗ ಇದನ್ನು ಓದಿ ಹೇಳಿದ, ಅವನ ಕೈಯಲ್ಲೇ ಟೈಪ್ ಮಾಡಿಸುತ್ತಿದ್ದೇನೆ.

ತಮ್ಮಾ, ಶುರು ಮಾಡುವ ಮೊದಲು ಹಳೇ ಕಲ್ಲಿಗೆ ಹೋಗಿ ನೋಡಿದೆಯಲ್ಲ, ಅದು ಸರಿಯಾದ ಅಭ್ಯಾಸ. ಬಿಡಬೇಡ. ಟೇಪನ್ನೂ ಅಷ್ಟು ನಂಬಬೇಡ, ಬಿಸಿಲಿಗೆ ಉಕ್ಕು ಬೆಳೆಯುತ್ತದೆ. ಹತ್ತು ಡಿಗ್ರಿ ಜಾಸ್ತಿಯಾದರೆ ನೂರು ಮೀಟರಿಗೆ ಒಂದು ಸೆಂಟಿಮೀಟರ್. 1802ರಲ್ಲಿ ಮದರಾಸಿನ ಹತ್ತಿರ ಲ್ಯಾಂಬ್ಟನ್ ಸಾಹೇಬ ಬೇಸ್‌ಲೈನ್ ಅಳೆಯುವಾಗ ಚೈನಿನ ಪಕ್ಕ ಥರ್ಮಾಮೀಟರ್ ಇಡಿಸಿದ್ದ.

ನೀವೆಲ್ಲ ಸೆಂಟಿಮೀಟರ್ ಮಾತಾಡುತ್ತಿದ್ದೀರಿ. ಆ ಸರ್ವೆ ನಂಬರಿನ ಟಿಪ್ಪಣಿ, ಅಂದರೆ ಹಳೆಯ ಅಳತೆಯ ದಾಖಲೆ, ತೆಗೆದು ನೋಡಿದೆಯಾ? ಅದರಲ್ಲಿ ಇರುವುದು ಚೈನು, ಆಣೆ. 33 ಅಡಿ ಚೈನು, ಅದಕ್ಕೆ 16 ಆಣೆ. ಒಂದು ಆಣೆ ಎರಡು ಅಡಿಗೂ ಸ್ವಲ್ಪ ಮೇಲೆ, ನಿಮ್ಮ ಲೆಕ್ಕದಲ್ಲಿ 63 ಸೆಂಟಿಮೀಟರ್. ಅಂದಿನವರು ಆಣೆಯಲ್ಲಿ ಬರೆದಿಟ್ಟದ್ದನ್ನು ಇಂದು ಒಂದು ಸೆಂಟಿಮೀಟರಿಗೆ ಹುಡುಕಿದರೆ ಸಿಗುತ್ತದಾ?

ಮೆಷಿನ್ ಕಲ್ಲಿನ ಜಾಗ ಹೇಳಬಹುದು. ಆ ಕಲ್ಲನ್ನು ಯಾವತ್ತೋ ಜೆಸಿಬಿ ತಳ್ಳಿ, ಕೂಲಿಯವರು ಅಂದಾಜಿಗೆ ಮತ್ತೆ ನೆಟ್ಟರಾ ಅಂತ ಯಾರು ಹೇಳುತ್ತಾರೆ? ನಾನಾದರೆ ಮೊದಲು ಪಕ್ಕದ ಎರಡು ಸರ್ವೆ ನಂಬರಿನ ಬಾಂದುಕಲ್ಲು ಹುಡುಕುತ್ತಿದ್ದೆ. ಮೂರು ಊರಿನ ಗಡಿ ಸೇರುವ ಕಲ್ಲು ಹತ್ತಿರ ಇದ್ದರೆ ಅಲ್ಲಿಂದ ಹಿಡಿದು ಬರುತ್ತಿದ್ದೆ. ಆ ಕಲ್ಲು ದಪ್ಪ ಇರುತ್ತದೆ, ಅಷ್ಟು ಸುಲಭಕ್ಕೆ ಯಾರೂ ಕೀಳುವುದಿಲ್ಲ. ನಿನ್ನ ಮೆಷಿನ್ ಅಲ್ಲಿಗೇ ಚೆನ್ನಾಗಿ ಉಪಯೋಗ. ನಾವು ಬೇಲಿ ಹಾರಿ, ಹಳ್ಳ ದಾಟಿ ದಿನಗಟ್ಟಲೆ ಚೈನು ಎಳೆಯುತ್ತಿದ್ದೆವು. ನೀನು ಬೈಕಿನಲ್ಲಿ ಹೋಗಿ ಕೋಲು ಇಟ್ಟು ಬರಬಹುದು.

ಪೋಲ್ ನೆಟ್ಟಗಿದೆಯಾ ಅಂತ ತೋರಿಸುವ ಬಬಲ್ ಸರಿ ಇದೆಯಾ ಅಂತಲೂ ನೋಡು. ಎರಡು ಮೀಟರಿನ ಕೋಲು ಒಂದು ಡಿಗ್ರಿ ವಾಲಿದರೆ ಮೂರೂವರೆ ಸೆಂಟಿಮೀಟರ್ ಹೋಯಿತು. ಗೋಡೆಗೆ ತೂಗುಗುಂಡು ಇಳಿಬಿಟ್ಟು ಪಕ್ಕ ನಿಲ್ಲಿಸಿದರೆ ಗೊತ್ತಾಗುತ್ತದೆ.

ಗುಂಟೆಲೆಕ್ಕ

ಮೂರು ವಾರ ಆಯಿತು, ವರದಿ ಒಪ್ಪಿಸಲು ಬಂದೆ. ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಅಜ್ಜನಿಗೂ, ಟೈಪ್ ಮಾಡಿದ ಮೊಮ್ಮಗನಿಗೂ.

ನಮ್ಮ ಮನೆ ಹಿಂದೆ ರಾಗಿ ಒಣಗಿಸುವ ಬಂಡೆ ಇದೆ. ಅದರ ನೆತ್ತಿಯಲ್ಲಿ ಮೊಳೆ ಕೂರಿಸಿ ಭಾನುವಾರ ಬೆಳಿಗ್ಗೆ ದಾಖಲೆಗೆ ಇಟ್ಟೆ. ರಾಎಕ್ಸ್ ಟಿಕ್ ಎರಡು ಸಲ ನೋಡಿದೆ. ಹತ್ತೂವರೆಗೆ ಸಂತೆಗೆ ಹೋಗಿ ಬಂದು ನೋಡುತ್ತೇನೆ, ಬಂಡೆಯ ಮೇಲೆ ರಿಸೀವರ್ ಇಲ್ಲ, ಅಲ್ಯೂಮಿನಿಯಂ ಬೋಸಿ ಕವುಚಿ ಹಾಕಿದೆ! ನಾಲ್ಕು ಹನಿ ಬಿತ್ತಂತೆ. "ಅಷ್ಟು ದುಡ್ಡಿನ ಸಾಮಾನು ನೆನೆಯುತ್ತಲ್ಲೋ" ಅಂತ ಅಮ್ಮ ಮುಚ್ಚಿದ್ದಾರೆ. ಫೈಲಿನಲ್ಲಿ 40 ನಿಮಿಷ ಒಂದೂ ಉಪಗ್ರಹ ಇಲ್ಲ. ಮುಂದಿನ ಭಾನುವಾರ ಮತ್ತೆ ಮಾಡಿದೆ. ಈ ಸಲ ಅಮ್ಮನೇ ಪಕ್ಕದಲ್ಲಿ ಕೂತು ಕೋಳಿ ಓಡಿಸಿದರು.

ಬೇಸ್ ಈಗ ಅಲ್ಲೇ ಕಾಯಂ. ಮನೆಯ ಇಂಟರ್ನೆಟ್‌ನಿಂದ ಆರ್‌ಟಿಕೆ2ಗೋ ಅನ್ನುವ, ಬೇಸಿನ ತಿದ್ದುಪಡಿಯನ್ನು ಇಂಟರ್ನೆಟ್ಟಿನಲ್ಲಿ ರೋವರಿಗೆ ತಲುಪಿಸುವ ಪುಕ್ಕಟೆ ಎನ್‌ಟ್ರಿಪ್ ಸರ್ವರಿಗೆ ಬಿಟ್ಟಿದ್ದೇನೆ. ತೋಟ ಅಲ್ಲಿಂದ 6 ಕಿಲೋಮೀಟರ್. ಲೋರಾ ರೇಡಿಯೋ ಸದ್ಯ ಪೆಟ್ಟಿಗೆಯಲ್ಲಿದೆ. ತೆಗೆದು ನೋಡಿದೆ, 866, ಬಚಾವು.

ಮೊನ್ನೆ ಬೆಳಿಗ್ಗೆ ಏಳೂವರೆಗೆ ತೋಟಕ್ಕೆ ಹೋದೆ. ಇಬ್ಬರನ್ನೂ ಕರೆದು 3ನೇ ಕಲ್ಲಿನ ಮೇಲೆ ಪೋಲ್ ಇಟ್ಟೆ. ಫೋನ್ ತಮ್ಮನ ಕೈಗೇ ಕೊಟ್ಟು "ಬರ್ಕೊಳ್ಳಪ್ಪ" ಅಂದೆ. ಕೋಲು ತಲೆಕೆಳಗು ಮಾಡಿ ಫಿಕ್ಸ್ ಕೆಡಿಸಿದೆ. ಮತ್ತೆ ಇಟ್ಟೆ. 8 ಮಿಲಿಮೀಟರ್ ವ್ಯತ್ಯಾಸ. ಬೇರೆ ಕಲ್ಲುಗಳನ್ನು ಸುತ್ತಿ ಹತ್ತು ಗಂಟೆಗೆ ಮೂರನೆಯ ಸಲ ಇಟ್ಟಾಗ 1.6 ಸೆಂಟಿಮೀಟರ್. ಹಳೆಯ ಎರಡು ದಿನದ ಬಿಂದುಗಳನ್ನೂ ಸರಿಸಿ ಇದರ ಮೇಲೆ ಕೂರಿಸಿದೆ, ಎಲ್ಲ 3 ಸೆಂಟಿಮೀಟರ್ ಒಳಗೆ. ಅಣ್ಣ ಏನೂ ಮಾತಾಡಲಿಲ್ಲ. ಆದರೆ ಎಳನೀರು ಕೆತ್ತಿದಾಗ ನನಗೊಂದು ಕೊಟ್ಟು, ತಮ್ಮನ ಕಡೆಗೂ ಒಂದು ತಳ್ಳಿದ.

ತೆಂಗಿನ ಸಾಲಿನ ಒಳಗೆ ನಾಲ್ಕು ಕಲ್ಲು ಬರಲೇ ಇಲ್ಲ. ಹೊರಗೆ ಎರಡು ಗೂಟ ಹೊಡೆದು ಬಾಡಿಗೆ ಟೋಟಲ್ ಸ್ಟೇಷನ್ ತಂದೆ. ಕೆರೆಏರಿ ಅವರಿಗೆ ಅಷ್ಟು ಸಮಾಧಾನ.

ಅಜ್ಜ ಹೇಳಿದ ಹಾಗೆ ಟಿಪ್ಪಣಿ ನಕಲು ತೆಗೆಸಿ ಚೈನು-ಆಣೆಯನ್ನು ಮೀಟರಿಗೆ ತಿರುಗಿಸಿ ಮೇಲೆ ಹಾಸಿ ನೋಡಿದೆ. ಎಲ್ಲ ಕಲ್ಲೂ ಅರ್ಧ ಆಣೆಯ ಒಳಗೆ ಬಂದಿವೆ, 11ನೆಯದು ಒಂದು ಬಿಟ್ಟು. ಅದು ಎರಡು ಆಣೆಯಷ್ಟು, ಅಂದರೆ 1.25 ಮೀಟರ್, ನಮ್ಮ ತೋಟದ ಒಳಗೆ ಇದೆ. ಆ ಕಡೆಯ ಬದು ಐದಾರು ವರ್ಷದ ಹಿಂದೆ ಜೆಸಿಬಿಯಲ್ಲಿ ಮಾಡಿಸಿದ್ದಂತೆ. ಈಗ ಅಣ್ಣತಮ್ಮ ಇಬ್ಬರೂ ಒಟ್ಟಾಗಿ ಪಕ್ಕದವರ ಮೇಲೆ ಕಣ್ಣು ಕೆಂಪು ಮಾಡಿದ್ದಾರೆ. ಪಕ್ಕದ ಸರ್ವೆ ನಂಬರಿನ ಟಿಪ್ಪಣಿಗೆ ಅರ್ಜಿ ಹಾಕಿದ್ದೇನೆ. ಅದು ಕೈಗೆ ಬರುವ ತನಕ ಆ ಕಲ್ಲಿನ ಹತ್ತಿರ ಯಾರೂ ಹೋಗಬೇಡಿ ಅಂತ ಹೇಳಿ ಬಂದಿದ್ದೇನೆ.